ಪ್ರಭಾರ ಇರಲಿ, ಕೊನೆಯ ದಿನಾಂಕವೂ ಇರಲಿ

ಕಳೆದ ತಿಂಗಳು ಕಾರವಾರದ ಒಂದು ಸಣ್ಣ ಸಭೆಯಲ್ಲಿ ನಾನು ಆಡಿದ ಮಾತಿಗೆ ಅಷ್ಟು ಜನ ಎದ್ದು ನಿಂತು ಉತ್ತರ ಕೊಡುತ್ತಾರೆಂದು ಅಂದುಕೊಂಡಿರಲಿಲ್ಲ. ನಾನು ಹೇಳಿದ್ದು ಇಷ್ಟು: ದೇಶದ ರಕ್ಷಣೆಗೆ ಸಂಬಂಧಿಸಿದ ಮೇಲಿನ ಹುದ್ದೆಯೊಂದು ತೆರವಾದಾಗ ಆ ಜಾಗಕ್ಕೆ ಹಂಗಾಮಿಯಾಗಿ ಒಬ್ಬರನ್ನು ಕೂರಿಸುವುದು ತಪ್ಪಲ್ಲ. ಆದರೆ ಆ ಹಂಗಾಮಿ ಎಷ್ಟು ದಿನ ಎಂಬುದು ಆದೇಶದಲ್ಲೇ ಇರಬೇಕು. ನನ್ನ ಲೆಕ್ಕದಲ್ಲಿ ಅದು 30 ದಿನ. ಅಷ್ಟರೊಳಗೆ ಖಾಯಂ ನೇಮಕ ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಸರ್ಕಾರ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಗೆ ಬರೆದು ಕೊಡಬೇಕು. ಸಭೆಯಲ್ಲಿ ಉತ್ತರ ಹೇಳಲು ಹೊತ್ತು ಸಾಲಲಿಲ್ಲ. ಆಕ್ಷೇಪಿಸಿದವರಲ್ಲಿ ನೌಕಾಪಡೆಯಲ್ಲಿ ದುಡಿದು ಬಂದವರಿದ್ದರು, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವರಿದ್ದರು, ನನ್ನ ಹಾಗೆ ಕಡತ ತಿರುವಿ ನಿವೃತ್ತರಾದವರಿದ್ದರು. ಯಾರೂ ಹುಡುಗಾಟಕ್ಕೆ ಮಾತಾಡಿದವರಲ್ಲ. ಅದಕ್ಕೇ ಕೂತು ಒಂದೊಂದು ಮಾತಿಗೂ ಉತ್ತರ ಬರೆಯುತ್ತಿದ್ದೇನೆ.

ಮೊದಲು ಎದ್ದವರು ನೌಕಾಪಡೆಯ ಹಿರಿಯರು. ಅವರ ಮಾತಿಗೆ ಹೆಚ್ಚು ತೂಕವಿದೆ, ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. "2014ರಲ್ಲಿ ನಾನು ಡ್ಯೂಟಿಯಲ್ಲಿದ್ದೆ ಸರ್. ಮುಖ್ಯಸ್ಥರು ಬಿಟ್ಟು ಹೋದರು, ಉಪಮುಖ್ಯಸ್ಥರು ನೋಡಿಕೊಂಡರು. ಒಂದು ಹಡಗೂ ನಿಲ್ಲಲಿಲ್ಲ" ಎಂದರು.

ನಿಜ. 2014ರ ಫೆಬ್ರವರಿ 26ರ ಬೆಳಗಿನ ಜಾವ ಮುಂಬಯಿ ಕರಾವಳಿಯಾಚೆ ಐಎನ್‌ಎಸ್ ಸಿಂಧುರತ್ನ ಜಲಾಂತರ್ಗಾಮಿಯೊಳಗೆ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಸತ್ತರು. ಅದಕ್ಕೆ ಆರು ತಿಂಗಳ ಹಿಂದೆ, 2013ರ ಆಗಸ್ಟ್ 14ರಂದು, ಮುಂಬಯಿ ನೌಕಾ ಕಟ್ಟೆಯಲ್ಲೇ ಸಿಂಧುರಕ್ಷಕ ಸ್ಫೋಟಗೊಂಡು 18 ಮಂದಿ ಹೋಗಿದ್ದರು. ಸಿಂಧುರತ್ನದ ಅವಘಡ ನಡೆದ ದಿನವೇ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ರಕ್ಷಣಾ ಸಚಿವ ಎ.ಕೆ. ಆಂಟನಿ ಅಂದೇ ಅಂಗೀಕರಿಸಿದರು. ಜೋಶಿಯವರಿಗೆ ಇನ್ನೂ ಒಂದು ವರ್ಷಕ್ಕೂ ಮೀರಿ ಅವಧಿ ಇತ್ತು. ಅಧಿಕಾರ ಬಿಟ್ಟು ಹೊರಟವರ ಬಗ್ಗೆ ನಮ್ಮಲ್ಲಿ ಗೌರವದ ಮಾತು ಅಪರೂಪ, ಅವರಿಗೆ ಅದು ಸಲ್ಲಬೇಕು. ಅವರ ಜಾಗಕ್ಕೆ ಹಂಗಾಮಿಯಾಗಿ ಬಂದವರು ಉಪಮುಖ್ಯಸ್ಥ ವೈಸ್ ಅಡ್ಮಿರಲ್ ಆರ್.ಕೆ. ಧೋವನ್. ಹತ್ತು ದಿನ ಕಳೆಯುವಷ್ಟರಲ್ಲಿ, ಮಾರ್ಚ್ 8ರಂದು, ಮಲೇಷ್ಯಾದ ಎಂಎಚ್370 ವಿಮಾನ ಕಾಣೆಯಾಯಿತು. ಅಂಡಮಾನಿನ ಸುತ್ತಲ ಸಮುದ್ರದಲ್ಲಿ ಹುಡುಕಾಟಕ್ಕೆ ನಮ್ಮ ಹಡಗುಗಳೂ ವಿಮಾನಗಳೂ ಹೋದವು. ಹಂಗಾಮಿ ಮುಖ್ಯಸ್ಥರ ಕಾಲದಲ್ಲೇ ಹೋದವು. ಹಡಗು ನಿಲ್ಲಲಿಲ್ಲ ಎಂಬ ಮಾತನ್ನು ನಾನು ಮರುಮಾತಿಲ್ಲದೆ ಒಪ್ಪುತ್ತೇನೆ.

ಆದರೆ ಹಡಗು ನಡೆಸುವುದಕ್ಕೆ ಹಡಗಿನ ಕಮಾಂಡರ್ ಇದ್ದಾರೆ, ಅವರ ಮೇಲೆ ಫ್ಲೀಟಿನವರಿದ್ದಾರೆ. ದೆಹಲಿಯಲ್ಲಿ ಕೂತ ಮುಖ್ಯಸ್ಥರ ಕೆಲಸ ನಾಳಿನ ಹಡಗನ್ನು ನಡೆಸುವುದಲ್ಲ. ಇನ್ನು ಹತ್ತು ವರ್ಷಕ್ಕೆ ನಡೆಯಬೇಕಾದ ಹಡಗಿಗೆ ಇಂದು ಹಣ ಕೇಳುವುದು, ಹಳೆಯದಾದ ಜಲಾಂತರ್ಗಾಮಿಯ ಬ್ಯಾಟರಿಗೆ ಇಂದು ಜಗಳ ಆಡುವುದು. ಸಿಂಧುರತ್ನ ದುರಂತ ಎತ್ತಿದ ಪ್ರಶ್ನೆಯೇ ಅದಾಗಿತ್ತು. ಆ ಜಗಳ ಆಡಬೇಕಾದ ಸಮಯದಲ್ಲಿ ಕುರ್ಚಿಯಲ್ಲಿದ್ದವರು, ತಾವೇ ಆ ಕುರ್ಚಿಗೆ ಆಯ್ಕೆ ಆಗುತ್ತೇವೋ ಇಲ್ಲವೋ ಎಂದು ಗೊತ್ತಿಲ್ಲದವರು. ಧೋವನ್ ಅವರ ನಿಷ್ಠೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವರನ್ನು ಆ ಜಾಗದಲ್ಲಿ ಕೂರಿಸಿದ ಬಗೆಯ ಮೇಲೆ ನನ್ನ ತಕರಾರು. ಪರೀಕ್ಷೆ ಬರೆಯುತ್ತಿರುವ ಅಭ್ಯರ್ಥಿಯ ಕೈಗೇ ಪರೀಕ್ಷಾ ಕೇಂದ್ರದ ಬೀಗದ ಕೈ ಕೊಟ್ಟ ಹಾಗೆ ಅದು. ಸಚಿವಾಲಯದ ಮುಂದೆ ಗಟ್ಟಿಯಾಗಿ ಮಾತಾಡಿದರೆ ಆಯ್ಕೆಗೆ ತೊಡಕು. ಮೆತ್ತಗೆ ಮಾತಾಡಿದರೆ ಪಡೆಗೆ ನಷ್ಟ. ಯಾವ ಒಳ್ಳೆಯ ಅಧಿಕಾರಿಯನ್ನೂ ಈ ಇಕ್ಕಟ್ಟಿಗೆ ದೂಡಬಾರದು.

ಇನ್ನೊಂದು ಸಂಗತಿಯೂ ಇದೆ. ಖಾಯಂ ಆದೇಶ ಬಂದದ್ದು ಏಪ್ರಿಲ್ 17ಕ್ಕೆ. ನಾವು ಕರ್ನಾಟಕದವರು ಲೋಕಸಭೆಗೆ ಮತ ಹಾಕಲು ಸಾಲಿನಲ್ಲಿ ನಿಂತಿದ್ದ ದಿನ ಅದು. ರಾಜೀನಾಮೆಯಿಂದ ಅಲ್ಲಿಗೆ ಸರಿಯಾಗಿ 50 ದಿನ. ಆ 50 ದಿನವೂ ಸೇವೆಯಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದ, ಪಶ್ಚಿಮ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಶೇಖರ್ ಸಿನ್ಹಾ ಅವರ ಹೆಸರೂ ಗಾಳಿಯಲ್ಲಿತ್ತು. ಆದೇಶ ಬಂದಾಗ ಅವರ ಹಿರಿತನವನ್ನು ಬದಿಗಿಡಲಾಗಿತ್ತು. ಅವರು ಅವಧಿಗೆ ಮುಂಚೆಯೇ ನಿವೃತ್ತಿ ಕೋರಿದರು. ಹಿರಿತನ ಮೀರಿ ಆಯ್ಕೆ ಮಾಡುವ ಹಕ್ಕು ಸರ್ಕಾರಕ್ಕಿದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅದನ್ನು ಮೊದಲ ವಾರವೇ ಮಾಡಿದ್ದರೆ ಇಬ್ಬರು ಹಿರಿಯ ಅಧಿಕಾರಿಗಳ ಹೆಸರು ಏಳು ವಾರ ಪತ್ರಿಕೆಗಳಲ್ಲಿ ತಕ್ಕಡಿಗೆ ಬೀಳುತ್ತಿರಲಿಲ್ಲ. ಪಡೆಯೊಳಗೆ ಇವರ ಕಡೆಯವರು, ಅವರ ಕಡೆಯವರು ಎಂಬ ಪಿಸುಮಾತು ಹುಟ್ಟಲು ಏಳು ವಾರ ಬೇಕಾದಷ್ಟಾಯಿತು.

ಎರಡನೆಯ ಆಕ್ಷೇಪ ಸಭೆಯಲ್ಲಿ ಹೆಚ್ಚು ಚಪ್ಪಾಳೆ ಪಡೆಯಿತು. "ಇದೇನು ಪಂಚಾಯ್ತಿ ಪಿಡಿಒ ನೇಮಕವೇ? ಸರಿಯಾದ ವ್ಯಕ್ತಿಯನ್ನು ಹುಡುಕಲು ಸಮಯ ಬೇಕು. ಆತುರಗಾರನಿಗೆ ಬುದ್ಧಿ ಮಟ್ಟ."

ಸಮಯ ಬೇಕು, ಒಪ್ಪಿದೆ. ಎಷ್ಟು ಎಂಬುದೇ ಪ್ರಶ್ನೆ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಹೆಲಿಕಾಪ್ಟರ್ ಬಿದ್ದು ದೇಶದ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥ, ಸಿಡಿಎಸ್, ಜನರಲ್ ಬಿಪಿನ್ ರಾವತ್ ತೀರಿಕೊಂಡರು. ಒಳಗಿದ್ದ 14 ಜನರಲ್ಲಿ ಅಂದು ಬದುಕುಳಿದ ಒಬ್ಬರೇ ಒಬ್ಬರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಒಂದು ವಾರ ಹೋರಾಡಿ ಹೋದರು. ಆ ವಾರ ಬೆಳಿಗ್ಗೆ ಎದ್ದ ಕೂಡಲೇ ಅವರ ಸುದ್ದಿ ಏನಾಯಿತು ಎಂದು ಕೇಳದ ಮನೆ ಇರಲಿಲ್ಲ. ಅಂಥ ಹಠಾತ್ ಸಾವಿನ ಮರುದಿನವೇ ಹೊಸ ಹೆಸರು ಪ್ರಕಟಿಸಿ ಎಂದು ಹೇಳುವಷ್ಟು ಕಲ್ಲುಮನಸ್ಸು ಯಾರಿಗೂ ಇರುವುದಿಲ್ಲ, ನನಗೂ ಇಲ್ಲ. ಭೂಸೇನೆಯ ಮುಖ್ಯಸ್ಥ ಜನರಲ್ ಎಂ.ಎಂ. ನರವಣೆ ಮೂರು ಪಡೆಗಳ ಮುಖ್ಯಸ್ಥರಲ್ಲಿ ಹಿರಿಯರೆಂದು ಆ ಮುಖ್ಯಸ್ಥರ ಸಮಿತಿಯ ಅಧ್ಯಕ್ಷತೆ ವಹಿಸಿಕೊಂಡರು. ಸರಿಯಾದದ್ದೇ. ಸಿಡಿಎಸ್ ಹುದ್ದೆ ಹುಟ್ಟುವ ಮುಂಚೆ ಇದ್ದ ಪದ್ಧತಿಯೂ ಅದೇ.

ಆಮೇಲೆ ಜನವರಿ ಹೋಯಿತು, ಫೆಬ್ರವರಿ ಹೋಯಿತು. ಏಪ್ರಿಲ್ 30ಕ್ಕೆ ನರವಣೆಯವರೇ ನಿವೃತ್ತರಾದರು. ಜೂನ್ 7ಕ್ಕೆ ಸರ್ಕಾರ ನಿಯಮ ತಿದ್ದಿತು: 62 ವರ್ಷ ದಾಟದ, ಸೇವೆಯಲ್ಲಿರುವ ಅಥವಾ ನಿವೃತ್ತರಾದ ಲೆಫ್ಟಿನೆಂಟ್ ಜನರಲ್ ದರ್ಜೆಯವರೂ ಅರ್ಹರು ಎಂದಿತು. ತಿದ್ದುಪಡಿ ಒಳ್ಳೆಯದೇ ಇರಬಹುದು. ಅದನ್ನು ಮಾಡಲು ಆರು ತಿಂಗಳು ಯಾಕೆ ಬೇಕಾಯಿತು ಎಂದು ಯಾರೂ ದೇಶಕ್ಕೆ ಹೇಳಲಿಲ್ಲ. ಜನರಲ್ ಅನಿಲ್ ಚೌಹಾಣ್ ಅಧಿಕಾರ ವಹಿಸಿಕೊಂಡದ್ದು ಸೆಪ್ಟೆಂಬರ್ 30ಕ್ಕೆ. ಎಣಿಸಿದರೆ 296 ದಿನ. ಕಾರ್ಗಿಲ್ ಯುದ್ಧದ ನಂತರ ಮಂತ್ರಿಗಳ ಗುಂಪು 2001ರಲ್ಲಿ ಶಿಫಾರಸು ಮಾಡಿದ ಹುದ್ದೆ ಇದು. ಹದಿನೆಂಟು ವರ್ಷ ಕಾದು, 2019ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಣೆಯಾಗಿ, 2020ರ ಜನವರಿ 1ರಿಂದ ಜೀವ ತಳೆದ ಹುದ್ದೆ. ಮೂರು ಪಡೆಗಳನ್ನು ಒಂದೇ ಕಮಾಂಡಿನಡಿ ತರುವ ಥಿಯೇಟರ್ ಕಮಾಂಡ್ ಕೆಲಸಕ್ಕೆ ರಾವತ್ ಕೈ ಹಾಕಿದ್ದರು. ಎರಡು ವರ್ಷವೂ ತುಂಬದ ಸಸಿ ಅದು. ಸಸಿಗೆ 296 ದಿನ ನೀರು ಹನಿಸುವವರಿಲ್ಲದೆ ಬಿಟ್ಟು, ಮರ ಯಾಕೆ ಬೆಳೆಯಲಿಲ್ಲ ಎಂದು ಆಮೇಲೆ ಕೇಳುವುದು ನ್ಯಾಯವಲ್ಲ.

ಆ 296 ದಿನಗಳ ನಡುವೆ ಬಂದ ಒಂದು ದಿನಾಂಕವನ್ನು ನನ್ನ ಆಕ್ಷೇಪಕರು ಗಮನಿಸಬೇಕು: 2022ರ ಜೂನ್ 14. ಅಗ್ನಿಪಥ ಯೋಜನೆ ಘೋಷಣೆಯಾದ ದಿನ. ಸೈನಿಕರ ನೇಮಕಾತಿಯ ಬುಡವನ್ನೇ ಬದಲಿಸಿದ, ನಾಲ್ಕು ವರ್ಷ ದುಡಿಸಿಕೊಂಡು ನೂರಕ್ಕೆ 75 ಜನರನ್ನು ಮನೆಗೆ ಕಳಿಸುವ ಯೋಜನೆ. ಸಿಡಿಎಸ್ ಆದವರು ಸೇನಾ ವ್ಯವಹಾರಗಳ ಇಲಾಖೆಗೆ ಕಾರ್ಯದರ್ಶಿಯೂ ಹೌದು. ಅಂದು ಆ ಕುರ್ಚಿ ಖಾಲಿ ಇತ್ತು. ಇಲಾಖೆಯ ಪರವಾಗಿ ಪತ್ರಕರ್ತರ ಮುಂದೆ ಕೂತು ಉತ್ತರ ಹೇಳಿದವರು ಹೆಚ್ಚುವರಿ ಕಾರ್ಯದರ್ಶಿ. ಊರೂರಲ್ಲಿ ಹುಡುಗರು ಬೀದಿಗಿಳಿದರು, ರೈಲಿಗೆ ಬೆಂಕಿ ಬಿತ್ತು, ಎರಡೇ ದಿನದಲ್ಲಿ ಆ ವರ್ಷದ ಮಟ್ಟಿಗೆ ವಯೋಮಿತಿಯನ್ನು 21ರಿಂದ 23ಕ್ಕೆ ಏರಿಸಬೇಕಾಯಿತು. ಸಿಡಿಎಸ್ ಇದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವುದು ಸುಳ್ಳಾದೀತು. ಆದರೆ ಮೂರೂ ಪಡೆಗಳ ಪರವಾಗಿ ಸರ್ಕಾರದ ಮೇಜಿನ ಆ ಬದಿಯಲ್ಲಿ ಕೂತು "ಇದು ಆಗುತ್ತದೆ, ಇದು ಆಗುವುದಿಲ್ಲ" ಎಂದು ಹೇಳುವುದಕ್ಕೇ ಮಾಡಿದ ಹುದ್ದೆ, ಅದರ ಅಗತ್ಯ ಎಲ್ಲಕ್ಕಿಂತ ಹೆಚ್ಚಿದ್ದ ದಿನ ಖಾಲಿ ಇತ್ತು. ನಮ್ಮ ಜಿಲ್ಲೆಯಲ್ಲಿ, ಧಾರವಾಡ ಬೆಳಗಾವಿ ಕಡೆಯಲ್ಲಿ, ಬೆಳಗಿನ ಕತ್ತಲೆಯಲ್ಲಿ ರಸ್ತೆ ಮೇಲೆ ಓಡಿ ಓಡಿ ಸೇನೆಗೆ ತಯಾರಾಗುವ ಹುಡುಗರನ್ನು ನೋಡಿದವರಿಗೆ ಇದು ಕಡತದ ಮಾತಾಗಿ ಉಳಿಯುವುದಿಲ್ಲ.

ಸಮಯ ಬೇಕು ಎಂಬ ವಾದ ಹಠಾತ್ತಾಗಿ ತೆರವಾದ ಹುದ್ದೆಗೆ ಒಂದಿಷ್ಟು ಹೊಂದುತ್ತದೆ. ನಿವೃತ್ತಿಯ ದಿನಾಂಕ ಮೊದಲೇ ಗೊತ್ತಿದ್ದ ಹುದ್ದೆಗೆ ಹೊಂದುವುದಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮುಖ್ಯಸ್ಥರಾಗಿದ್ದ ಎಸ್. ಕ್ರಿಸ್ಟೋಫರ್ ಅವರ ವಿಸ್ತರಿಸಿದ ಅವಧಿ 2018ರ ಮೇ 28ಕ್ಕೆ ಮುಗಿಯುತ್ತದೆ ಎಂದು ಒಂದು ವರ್ಷ ಮೊದಲೇ ಆದೇಶದಲ್ಲಿ ಇತ್ತು. ಆದರೂ ಮೇ 28 ಬಂದಾಗ ಹೆಸರಿರಲಿಲ್ಲ. ರಕ್ಷಣಾ ಕಾರ್ಯದರ್ಶಿಗೇ ಹೆಚ್ಚುವರಿ ಹೊಣೆ ಕೊಟ್ಟರು. ಜಿ. ಸತೀಶ್ ರೆಡ್ಡಿ ಅವರ ನೇಮಕವಾದದ್ದು ಆಗಸ್ಟ್ ಕೊನೆಯ ವಾರ. ಮನೆಯಲ್ಲಿ ಮಗಳ ಮದುವೆಯ ಮುಹೂರ್ತ ಒಂದು ವರ್ಷ ಮೊದಲೇ ಇಟ್ಟು, ಮುಹೂರ್ತದ ದಿನ ಬೆಳಿಗ್ಗೆ ಅಡುಗೆಭಟ್ಟರನ್ನು ಹುಡುಕಲು ಹೊರಡುವವರನ್ನು ನಾವು ಏನೆನ್ನುತ್ತೇವೆ? ಅದೇ ಸರ್ಕಾರಕ್ಕೆ ಬೇರೆ ದಾರಿಯೂ ಗೊತ್ತಿದೆ. 2024ರ ಮೇ ಕೊನೆಗೆ ಭೂಸೇನಾ ಮುಖ್ಯಸ್ಥ ಮನೋಜ್ ಪಾಂಡೆ ನಿವೃತ್ತರಾಗಬೇಕಿತ್ತು, ಚುನಾವಣೆ ಮುಗಿದಿರಲಿಲ್ಲ. ಅವರ ಅವಧಿಯನ್ನು ಜೂನ್ 30ರ ವರೆಗೆ ಒಂದು ತಿಂಗಳು ವಿಸ್ತರಿಸಿ, ಜೂನ್ 11ಕ್ಕೆ ಉಪೇಂದ್ರ ದ್ವಿವೇದಿ ಅವರ ಹೆಸರು ಪ್ರಕಟಿಸಿದರು. ಅಪರೂಪದ ಕ್ರಮ, ಟೀಕೆಯೂ ಬಂತು. ಆದರೂ ಒಂದು ದಿನ ಕೂಡ ಪೂರ್ಣ ಅಧಿಕಾರವಿಲ್ಲದ ಮುಖ್ಯಸ್ಥ ಆ ಕುರ್ಚಿಯಲ್ಲಿ ಇರಲಿಲ್ಲ. ವಿಸ್ತರಣೆಯ ಆದೇಶದಲ್ಲಿ ಕೊನೆಯ ದಿನಾಂಕ ಅಚ್ಚಾಗಿತ್ತು. ನಾನು ಕೇಳುತ್ತಿರುವುದೂ ಅದನ್ನೇ.

ಇನ್ನು ನನ್ನದೇ ವೃತ್ತಿಯವರೊಬ್ಬರ ಮಾತು. "ಪ್ರಭಾರ ವಹಿಸಿಕೊಳ್ಳುವವರು ಸಣ್ಣವರಲ್ಲ, ಹಿರಿಯ ಅಧಿಕಾರಿಗಳೇ. ಸಹಿ ಸಹಿಯೇ. ಹೆಸರಿನ ಮುಂದೆ 'ಪ್ರಭಾರ' ಇದ್ದರೇನು, ಇಲ್ಲದಿದ್ದರೇನು?"

ಇವರು ಹೀಗೆ ಹೇಳಿದ್ದು ನನಗೆ ಆಶ್ಚರ್ಯ. ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಅಧೀಕ್ಷಕನಾಗಿ ಹೊರಬಂದ ನನಗೆ ಆ ಒಂದು ಪದದ ಭಾರ ಗೊತ್ತು, ಅವರಿಗೂ ಗೊತ್ತಿರಬೇಕು. ಯಾವ ಕಚೇರಿಗೆ ಹೋದರೂ ಸಾಹೇಬರ ಕೋಣೆಯ ಗೋಡೆ ಮೇಲೆ ಸೇವೆ ಸಲ್ಲಿಸಿದ ಅಧಿಕಾರಿಗಳ ಫಲಕ ಇರುತ್ತದೆ: ಹೆಸರು, ಇಂದ, ವರೆಗೆ. ಕೆಲವು ಹೆಸರುಗಳ ಮುಂದೆ ಸಣ್ಣ ಅಕ್ಷರದಲ್ಲಿ "ಪ್ರ" ಎಂದಿರುತ್ತದೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ, ಹೆಸರು ಬೇಡ, ಹನ್ನೊಂದು ತಿಂಗಳು ಪ್ರಭಾರ ನಡೆಯಿತು. ನಮ್ಮ ಅಧೀನದಲ್ಲಿ ಮಕ್ಕಳ ವಸತಿನಿಲಯವೊಂದಿತ್ತು. ಹಂಚಿನ ಮಾಡು, ಪಕಾಸಿ ರೀಪುಗಳಿಗೆ ಗೆದ್ದಲು ಹತ್ತಿತ್ತು. ಫೆಬ್ರವರಿಯಲ್ಲೇ ಅಂದಾಜುಪಟ್ಟಿ ತರಿಸಿ ನಾನೇ ಟಿಪ್ಪಣಿ ಬರೆದು ಕಡತ ಮೇಲೆ ಕಳಿಸಿದೆ. ಪ್ರಭಾರದಲ್ಲಿದ್ದವರು ಒಳ್ಳೆಯವರು, ಒಂದು ಕಪ್ ಚಹಾ ಕೂಡ ಪುಕ್ಕಟೆ ಕುಡಿಯದವರು. ಕಡತ ಮರಳಿ ಬಂದಾಗ ಹಸಿರು ಶಾಯಿಯಲ್ಲಿ ಒಂದೇ ಸಾಲಿತ್ತು: "ಖಾಯಂ ಅಧಿಕಾರಿಗಳು ವರದಿ ಮಾಡಿಕೊಂಡ ನಂತರ ಮಂಡಿಸಿ." ಮೂರು ಸಲ ಮಂಡಿಸಿದೆ, ಮೂರು ಸಲವೂ ಅದೇ ಸಾಲು. ಜೂನ್ ಎರಡನೇ ವಾರದ ಒಂದು ರಾತ್ರಿ ಮಾಡಿನ ಒಂದು ಮೂಲೆ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಬೆಳಿಗ್ಗೆ ಹೋದಾಗ ಮಕ್ಕಳು ತಮ್ಮ ಟ್ರಂಕುಗಳನ್ನು ಊಟದ ಹಾಲಿಗೆ ಎಳೆದು ತಂದು, ಒದ್ದೆಯಾದ ಪುಸ್ತಕಗಳನ್ನು ಅಡುಗೆ ಒಲೆಯ ಕಟ್ಟೆ ಮೇಲೆ ಒಣಗಲು ಹರವಿದ್ದರು. ಆ ಅಧಿಕಾರಿ ಕಣ್ಣು ತಗ್ಗಿಸಿ ನಿಂತದ್ದು ನನಗೆ ಇಂದಿಗೂ ಕಾಣುತ್ತದೆ. ಸಹಿ ಮಾಡಿದ್ದರೆ ನಾಳೆ ಬರುವವರು "ನನ್ನನ್ನು ಕೇಳದೆ ಯಾಕೆ ಮಾಡಿದಿರಿ" ಎಂದು ಪ್ರಶ್ನಿಸುತ್ತಾರೆ ಎಂಬುದು ಅವರ ಭಯ. ಪ್ರಭಾರ ಎಂಬ ಪದ ಮನುಷ್ಯನಿಗೆ ಮಾಡುವುದು ಇದನ್ನು.

ಕಾಗದದ ಮೇಲೂ ಸಹಿ ಸಹಿಯೇ ಅಲ್ಲ. ನಮ್ಮ ಕರ್ನಾಟಕ ನಾಗರಿಕ ಸೇವಾ ನಿಯಮ (ಕೆಸಿಎಸ್‌ಆರ್) 32ರ ಪ್ರಭಾರಕ್ಕೂ 68ರ ಹೆಚ್ಚುವರಿ ಪ್ರಭಾರಕ್ಕೂ ಇರುವ ವ್ಯತ್ಯಾಸ ಎಷ್ಟು ಕೋರ್ಟು ಮೆಟ್ಟಿಲು ಹತ್ತಿಸಿದೆ ಎಂದು ನೌಕರರಿಗೆಲ್ಲ ಗೊತ್ತು. ಕೇಂದ್ರದ ನಾಗರಿಕ ಸೇವೆಯಲ್ಲೂ ಹಾಗೇ: ಹುದ್ದೆಯ ದೈನಂದಿನ ಕೆಲಸವನ್ನಷ್ಟೇ ನೋಡಿಕೊಳ್ಳಲು ನೇಮಿಸಿದವರು ಆಡಳಿತದ, ಹಣಕಾಸಿನ ಅಧಿಕಾರ ಚಲಾಯಿಸಬಹುದು, ಶಾಸನ ಕೊಟ್ಟ ಅಧಿಕಾರವನ್ನು ಚಲಾಯಿಸುವಂತಿಲ್ಲ.

ಹಿರಿಯರೇ ಹೊಣೆ ಹೊರುತ್ತಾರೆ ಎಂಬ ಮಾತಿಗೂ ಬರೋಣ. 2015ರ ಜನವರಿಯಲ್ಲಿ ಡಿಆರ್‌ಡಿಒ ಮುಖ್ಯಸ್ಥ ಅವಿನಾಶ್ ಚಂದರ್ ಅವರ ಗುತ್ತಿಗೆಯನ್ನು ಸರ್ಕಾರ ಅವಧಿಗೆ ಮುಂಚೆಯೇ ಕೊನೆಗೊಳಿಸಿತು. ಹೆಚ್ಚು ಕಿರಿಯರು ಬರಲಿ ಎಂದು ರಕ್ಷಣಾ ಸಚಿವ ಮನೋಹರ ಪರಿಕ್ಕರ್ ಕಾರಣ ಕೊಟ್ಟರು. ಕಾರಣ ಒಪ್ಪಬಹುದು. ಆದರೆ ಆ ಕಿರಿಯರು ಯಾರೆಂದು ಗೊತ್ತಿಲ್ಲದೆಯೇ ಹಿರಿಯರನ್ನು ಕಳಿಸಿದರು. ರಕ್ಷಣಾ ಕಾರ್ಯದರ್ಶಿ ಆರ್.ಕೆ. ಮಾಥುರ್ ಅವರಿಗೆ ಹೆಚ್ಚುವರಿ ಹೊಣೆ ಬಿತ್ತು. ಬೆಂಗಳೂರಿನ ಕ್ಯಾಬ್ಸ್ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಕ್ರಿಸ್ಟೋಫರ್ ಅವರನ್ನು ನೇಮಿಸಿದ್ದು ಮೇ ಕೊನೆಗೆ. ಯೋಚಿಸಿ: ಯುದ್ಧವಿಮಾನ, ರೇಡಾರ್, ಎಂಜಿನ್ ಎಂದು ಬೆಂಗಳೂರಿನಲ್ಲೇ ಹತ್ತಾರು ಸಾವಿರ ಜನರ ಬದುಕು ಸುತ್ತಿಕೊಂಡಿರುವ ಸಂಶೋಧನಾ ಜಾಲ. ಅದರ ತಲೆಯಲ್ಲಿ ನಾಲ್ಕು ತಿಂಗಳು ಇದ್ದವರು ಪಡೆಗಳ ಖರೀದಿಯಿಂದ ಗಡಿ ರಸ್ತೆಯವರೆಗೆ ಒಂದು ಸಚಿವಾಲಯದ ಅಷ್ಟೂ ಭಾರ ಹೊತ್ತಿದ್ದ ಅಧಿಕಾರಿ. ಪ್ರಯೋಗಾಲಯದ ಪರವಾಗಿ ಸಚಿವಾಲಯದ ಬಾಗಿಲು ತಟ್ಟಬೇಕಾದವರೂ ಅವರೇ, ಬಾಗಿಲ ಒಳಗೆ ಕೂತವರೂ ಅವರೇ.

ಇದಕ್ಕಿಂತ ದೊಡ್ಡ ಉದಾಹರಣೆ 2017ರದು. ಪರಿಕ್ಕರ್ ಗೋವಾದ ಮುಖ್ಯಮಂತ್ರಿಯಾಗಲು ಮಾರ್ಚಿನಲ್ಲಿ ಹೊರಟರು. ನಮ್ಮ ಪಕ್ಕದ ರಾಜ್ಯ, ಕಾರವಾರದವರಿಗೆ ಅಂದಿನ ಗದ್ದಲ ನೆನಪಿದೆ. ರಕ್ಷಣಾ ಖಾತೆ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರ ಹೆಗಲಿಗೆ ಬಿತ್ತು. ಆಗ ಕರ್ನಾಟಕದಿಂದಲೇ ರಾಜ್ಯಸಭಾ ಸದಸ್ಯರಾಗಿದ್ದ ನಿರ್ಮಲಾ ಸೀತಾರಾಮನ್ ಅವರಿಗೆ ಅದು ಸಿಕ್ಕಿದ್ದು ಸೆಪ್ಟೆಂಬರ್ 3ಕ್ಕೆ. ನಡುವಿನ ಆರು ತಿಂಗಳಿಗೆ ಸ್ವಲ್ಪವೇ ಕಡಿಮೆಯ ಅವಧಿಯಲ್ಲಿ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಜೂನ್ ಮಧ್ಯದಿಂದ ಆಗಸ್ಟ್ 28ರ ವರೆಗೆ ದೋಕ್ಲಾಮಿನಲ್ಲಿ ಚೀನಾದ ಸೈನಿಕರಿಗೆ ಎದುರಾಗಿ ನಮ್ಮವರು ನಿಂತಿದ್ದರು. ಸ್ವತಂತ್ರ ಭಾರತದ ಅತಿ ದೊಡ್ಡ ತೆರಿಗೆ ಬದಲಾವಣೆಯೂ ಹಲವು ವರ್ಷಗಳಲ್ಲೇ ಕಠಿಣವಾದ ಗಡಿ ಬಿಕ್ಕಟ್ಟೂ ಒಬ್ಬರದೇ ಮೇಜಿನ ಮೇಲೆ. ಜೇಟ್ಲಿ ಅಸಾಧಾರಣ ಬುದ್ಧಿವಂತರು, ಅದಕ್ಕೇ ಎರಡನ್ನೂ ನಿಭಾಯಿಸಿದರು. ಆದರೆ ರಕ್ಷಣಾ ಸಚಿವರ ಕೆಲಸ ಹಣ ಕೇಳುವುದು, ಹಣಕಾಸು ಸಚಿವರ ಕೆಲಸ ಇಲ್ಲ ಎನ್ನುವುದು. ಕೇಳುವ ಕೈಯೂ ಕೊಡುವ ಕೈಯೂ ಒಂದೇ ಆದರೆ ಆ ಹಗ್ಗಜಗ್ಗಾಟ ಎಲ್ಲಿ ನಡೆಯಬೇಕು?

ರಾಜ್ಯಶಾಸ್ತ್ರದ ಉಪನ್ಯಾಸಕರು ನನ್ನನ್ನು ಅಮೆರಿಕಕ್ಕೆ ಕರೆದುಕೊಂಡು ಹೋದರು. "ಜಗತ್ತಿನ ಅತಿ ಬಲಿಷ್ಠ ಸೇನೆಗೆ 2019ರಲ್ಲಿ ಏಳು ತಿಂಗಳು ಹಂಗಾಮಿ ರಕ್ಷಣಾ ಕಾರ್ಯದರ್ಶಿ ಇದ್ದರು. ಆಕಾಶ ಬೀಳಲಿಲ್ಲ."

ಅದೇ ಏಳು ತಿಂಗಳು ನನ್ನ ಪರ ಸಾಕ್ಷಿ ಹೇಳುತ್ತದೆ. ಸಿರಿಯಾದಿಂದ ಸೈನ್ಯ ವಾಪಸಾತಿಯ ಘೋಷಣೆಯ ಮರುದಿನ, 2018ರ ಡಿಸೆಂಬರ್ 20ರಂದು, ರಕ್ಷಣಾ ಕಾರ್ಯದರ್ಶಿ ಜಿಮ್ ಮ್ಯಾಟಿಸ್ ರಾಜೀನಾಮೆ ಪತ್ರ ಕೊಟ್ಟರು. ಫೆಬ್ರವರಿ ಕೊನೆಯವರೆಗೆ ಇರುತ್ತೇನೆ, ಅಷ್ಟರಲ್ಲಿ ಉತ್ತರಾಧಿಕಾರಿಯನ್ನು ಆರಿಸಿ ಎಂದು ತಾವಾಗಿಯೇ ಸಮಯ ಕೊಟ್ಟಿದ್ದರು. ಟ್ರಂಪ್ ಅವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಜನವರಿ 1ರಿಂದಲೇ ಉಪ ಕಾರ್ಯದರ್ಶಿ ಪ್ಯಾಟ್ರಿಕ್ ಶಾನಹಾನ್ ಹಂಗಾಮಿ ಎಂದರು. ಹಂಗಾಮಿಗಳಿದ್ದರೆ ತಮಗೆ ಬೇಕಾದಂತೆ ನಡೆಯಲು ಹೆಚ್ಚು ಸಲೀಸು ಎಂದು ಆ ಜನವರಿಯಲ್ಲಿ ಟ್ರಂಪ್ ಬಹಿರಂಗವಾಗಿಯೇ ಹೇಳಿದ್ದರು. ಮೇ ತಿಂಗಳಲ್ಲಿ ಶಾನಹಾನ್ ಹೆಸರನ್ನೇ ಖಾಯಂ ಮಾಡುತ್ತೇವೆ ಎಂದರು, ಸೆನೆಟ್ಟಿಗೆ ಹೆಸರು ಕಳಿಸಲೇ ಇಲ್ಲ. ಜೂನ್ 18ರಂದು ಶಾನಹಾನ್ ಹಿಂದೆ ಸರಿದರು. ಎರಡೇ ದಿನಕ್ಕೆ, ಜೂನ್ 20ರಂದು, ಇರಾನ್ ಅಮೆರಿಕದ ಡ್ರೋನ್ ಹೊಡೆದು ಬೀಳಿಸಿತು. ಇರಾನಿನ ಮೇಲೆ ದಾಳಿಗೆ ಹೊರಟ ಆಜ್ಞೆಯನ್ನು ಟ್ರಂಪ್ ಕೊನೆ ಗಳಿಗೆಯಲ್ಲಿ ತಡೆದರು. ಯುದ್ಧವೋ ಅಲ್ಲವೋ ಎಂಬ ಆ ರಾತ್ರಿ ರಕ್ಷಣಾ ಇಲಾಖೆಯ ಹಂಗಾಮಿ ಮುಖ್ಯಸ್ಥರು ಹೊರಡುವುದಾಗಿ ಹೇಳಿ ಆಗಿತ್ತು, ಮುಂದಿನ ಹಂಗಾಮಿ ಮಾರ್ಕ್ ಎಸ್ಪರ್ ಇನ್ನೂ ಕುರ್ಚಿಗೆ ಬಂದಿರಲಿಲ್ಲ.

ಎಸ್ಪರ್ ಜೂನ್ 24ಕ್ಕೆ ಬಂದರು. ಜುಲೈ 15ಕ್ಕೆ ಅವರ ಹೆಸರು ಸೆನೆಟ್ಟಿಗೆ ಹೋಯಿತು. ಅಲ್ಲಿನ 1998ರ ಕಾನೂನಿನ ಪ್ರಕಾರ, ಆ ಹುದ್ದೆಗೆ ಹೆಸರು ಸೂಚಿಸಲಾದವರು ಸಾಮಾನ್ಯವಾಗಿ ಅದೇ ಹುದ್ದೆಯಲ್ಲಿ ಹಂಗಾಮಿಯಾಗಿ ಮುಂದುವರಿಯುವಂತಿಲ್ಲ. ಎಸ್ಪರ್ ಅಂದೇ ಕುರ್ಚಿ ಬಿಟ್ಟರು. ನೌಕಾಪಡೆಯ ಕಾರ್ಯದರ್ಶಿ ರಿಚರ್ಡ್ ಸ್ಪೆನ್ಸರ್ ಎಂಟು ದಿನ ಮೂರನೆಯ ಹಂಗಾಮಿಯಾದರು. ಜುಲೈ 23ಕ್ಕೆ 90-8 ಮತಗಳಿಂದ ಎಸ್ಪರ್ ಖಾಯಂ ಆದರು. ನೋಡಿ, ಪರೀಕ್ಷೆ ಬರೆಯುವವರ ಕೈಗೆ ಬೀಗದ ಕೈ ಬೇಡ ಎಂದು ನಾನು ಹೇಳಿದ್ದನ್ನು ಅವರು ಕಾನೂನಿನಲ್ಲೇ ಬರೆದಿಟ್ಟುಕೊಂಡಿದ್ದಾರೆ. ಅದೇ ಕಾನೂನು ಹಂಗಾಮಿ ಅವಧಿಗೆ ಸಾಮಾನ್ಯವಾಗಿ 210 ದಿನದ ಮಿತಿ ಹಾಕಿದೆ. ನನ್ನ ಅಳತೆಗೆ ಅದು ತೀರಾ ಉದ್ದ. ಆದರೂ ಒಂದು ಸಂಖ್ಯೆ ಇದೆ, ಪತ್ರಕರ್ತರು ದಿನ ಎಣಿಸಬಲ್ಲರು, ಸೆನೆಟ್ ಸದಸ್ಯರು ಕೇಳಬಲ್ಲರು. ನಮ್ಮ ಸಿಡಿಎಸ್ ಕುರ್ಚಿಯ 296 ದಿನ ಎಣಿಸಲು ಎದುರಿಗೆ ಯಾವ ಸಂಖ್ಯೆಯೂ ಇರಲಿಲ್ಲ.

ಕಾನೂನಿನ ಸಂದಿಯಲ್ಲಿ ನುಸುಳಿದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕವೇ ಉದಾಹರಣೆ. 2020ರ ನವೆಂಬರ್ 9ರಂದು, ಚುನಾವಣೆ ಸೋತ ಮೇಲೆ, ಟ್ರಂಪ್ ಒಂದು ಟ್ವೀಟಿನಲ್ಲಿ ಎಸ್ಪರ್ ಅವರನ್ನು ಕಿತ್ತರು. ಸೆನೆಟ್ ಒಪ್ಪಿದ ಉಪ ಕಾರ್ಯದರ್ಶಿ ಡೇವಿಡ್ ನಾರ್ಕ್ವಿಸ್ಟ್ ಪಕ್ಕದ ಕೋಣೆಯಲ್ಲೇ ಇದ್ದರೂ ಅವರನ್ನು ದಾಟಿ, ಭಯೋತ್ಪಾದನಾ ನಿಗ್ರಹ ಕೇಂದ್ರದ ಕ್ರಿಸ್ಟೋಫರ್ ಮಿಲ್ಲರ್ ಅವರನ್ನು ಹಂಗಾಮಿಯಾಗಿ ಕರೆತಂದರು. 2021ರ ಜನವರಿ 6ರಂದು ಗುಂಪು ಸಂಸತ್ ಭವನಕ್ಕೆ ನುಗ್ಗಿದಾಗ ನ್ಯಾಷನಲ್ ಗಾರ್ಡ್ ಕಳಿಸುವ ಮಾತಿಗೆ ಹೂಂ ಅನ್ನಬೇಕಾದವರು ಈ ಹಂಗಾಮಿ. ಪಡೆ ತಡವಾಗಿ ತಲುಪಿದ್ದಕ್ಕೆ ಯಾರು ಕಾರಣ ಎಂಬ ವಿಚಾರಣೆ ಬಹಳ ಕಾಲ ನಡೆಯಿತು. ಅದೇ ತಿಂಗಳು 20ರಂದು ಬೈಡನ್ ಬಂದಾಗ ಹಂಗಾಮಿಯಾದವರು ನಾರ್ಕ್ವಿಸ್ಟ್. ಎರಡು ದಿನದಲ್ಲಿ ಲಾಯ್ಡ್ ಆಸ್ಟಿನ್ ಅವರಿಗೆ ಸೆನೆಟ್ ಒಪ್ಪಿಗೆ ಸಿಕ್ಕಿತು, ನಾರ್ಕ್ವಿಸ್ಟ್ ಎದ್ದು ಹೋದರು. ಹಂಗಾಮಿ ಎಂದರೆ ನನ್ನ ಮನಸ್ಸಿನಲ್ಲಿರುವ ಚಿತ್ರ ಆ ಎರಡು ದಿನದ್ದು.

ಕೊನೆಯದಾಗಿ ಒಬ್ಬರು ಆಡಿದ ಮಾತು ನನ್ನನ್ನು ನಿಜಕ್ಕೂ ಕದಡಿತು. "ಸೇನೆಯ ಮುಖ್ಯಸ್ಥರಿಗೆ ಕುರ್ಚಿ ಅಷ್ಟು ಭದ್ರ ಅನ್ನಿಸಬಾರದು. ಪಕ್ಕದ ದೇಶಗಳಲ್ಲಿ ಏನಾಗಿದೆ ನೋಡಿದ್ದೀರಲ್ಲ. ಸ್ವಲ್ಪ ಅನಿಶ್ಚಿತತೆ ಪ್ರಜಾಪ್ರಭುತ್ವಕ್ಕೆ ಒಳ್ಳೆಯದು."

ಈ ಮಾತಿನ ಹಿಂದಿನ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಚುನಾಯಿತ ಸರ್ಕಾರದ ಹಿಡಿತ ಕಾಣಬೇಕಾದದ್ದು ನೇಮಕ ಮಾಡುವುದರಲ್ಲಿ, ಬೇಡವಾದರೆ ತೆಗೆಯುವುದರಲ್ಲಿ. ನೇಮಕ ಮಾಡದೆ ತೂಗಾಡಿಸುವುದರಲ್ಲಿ ಅಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಭೂಸೇನಾ ಮುಖ್ಯಸ್ಥ ಜನರಲ್ ತಿಮ್ಮಯ್ಯ 1959ರ ಆಗಸ್ಟ್ ಕೊನೆಯಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆಗಿನ ಮನಸ್ತಾಪದಿಂದ ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡರು. ಕೊಡಗಿನಲ್ಲಿ ಇಂದಿಗೂ ಆ ಕಥೆ ಹೇಳುವಾಗ ಧ್ವನಿ ಗಡುಸಾಗುತ್ತದೆ. ಅಲ್ಲಿಂದ ಮುಂದೆ 1961ರ ಮೇ ತಿಂಗಳವರೆಗೆ ಅವರು ಕುರ್ಚಿಯಲ್ಲಿದ್ದರೂ ಮೊದಲಿನ ಅಧಿಕಾರದ ತೂಕ ಇರಲಿಲ್ಲ ಎನ್ನುವವರು ಬಹಳ ಮಂದಿ. ಸೇನೆಯ ಮುಖ್ಯಸ್ಥನನ್ನು ಅರ್ಧ ಅಧಿಕಾರದಲ್ಲಿ ಇಟ್ಟು ಪ್ರಜಾಪ್ರಭುತ್ವ ಗಟ್ಟಿಯಾಯಿತೇ, ಗಡಿ ಗಟ್ಟಿಯಾಯಿತೇ? 1962 ಅದಕ್ಕೆ ಉತ್ತರ ಹೇಳಿತು. ಅದೇ 1962ರಲ್ಲಿ ಮೆನನ್ ರಕ್ಷಣಾ ಖಾತೆ ಬಿಟ್ಟಾಗ ನೆಹರೂ ತಾವೇ ಅದನ್ನು ಹೊತ್ತರು, ಆದರೆ ಹೊತ್ತುಕೊಂಡೇ ಕೂರಲಿಲ್ಲ. ಚೀನಾದ ಸೈನ್ಯ ನಮ್ಮ ನೆಲದ ಮೇಲಿದ್ದಾಗಲೂ ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವಾಣರನ್ನು ದೆಹಲಿಗೆ ಕರೆಸಿ ಅದೇ ನವೆಂಬರಿನಲ್ಲಿ ಖಾತೆ ಒಪ್ಪಿಸಿದರು. ಯುದ್ಧದ ನಡುವೆ ಅಷ್ಟು ಬೇಗ ಆದದ್ದು ಶಾಂತಿಯ ಕಾಲದಲ್ಲಿ ಒಂಬತ್ತು ತಿಂಗಳು ದಾಟುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುತ್ತಿಲ್ಲ.

ಇದಕ್ಕೆಲ್ಲ ಕಾನೂನು ಯಾಕೆ, ಒಳ್ಳೆಯ ಪದ್ಧತಿ ಸಾಕು ಎಂದವರೂ ಇದ್ದರು. ಪದ್ಧತಿ ಇಷ್ಟು ದಿನ ಇತ್ತು, ಮೇಲೆ ಹೇಳಿದ ತಿಂಗಳುಗಳೆಲ್ಲ ಅದೇ ಪದ್ಧತಿಯಲ್ಲೇ ಕಳೆದವು.

ಸಭೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಆ ನೌಕಾಪಡೆಯ ಹಿರಿಯರು ನನ್ನ ತೋಳು ಹಿಡಿದು, "30 ದಿನ ಬಹಳ ಕಮ್ಮಿ ಆಯ್ತು ಸರ್, ಪೊಲೀಸ್ ವೆರಿಫಿಕೇಶನ್ನಿಗೇ ಅಷ್ಟು ಹಿಡೀತದೆ. 60 ಮಾಡಿ, ನಾನೂ ನಿಮ್ಮ ಕಡೆ" ಎಂದರು. ಅಂದು ಉತ್ತರ ಹೇಳಲಿಲ್ಲ, ಮನೆಗೆ ಬಂದು ಯೋಚಿಸಿದೆ. ಹಠಾತ್ ಸಾವಿಗೆ, ಹಠಾತ್ ರಾಜೀನಾಮೆಗೆ 60 ದಿನ ಆಗಲಿ, ಒಪ್ಪಿದೆ. ನಿವೃತ್ತಿಯ ದಿನ ಮೊದಲೇ ಗೊತ್ತಿದ್ದ ಹುದ್ದೆಗೆ ಮಾತ್ರ ಒಂದು ದಿನವೂ ಬೇಡ. ಅಲ್ಲಿ ಹೊಸಬರ ಹೆಸರು ಹಳಬರು ಇನ್ನೂ ಕುರ್ಚಿಯಲ್ಲಿರುವಾಗಲೇ ಬರಬೇಕು. ಅವರು ಇದಕ್ಕೆ ಒಪ್ಪುತ್ತಾರೋ ಇಲ್ಲವೋ ಎಂದು ಮುಂದಿನ ಸಭೆಯಲ್ಲಿ ಕೇಳುತ್ತೇನೆ.